ನಡಾವಳಿ ಪುಸ್ತಕದಲ್ಲಿ ಉಳಿದ ಸತ್ಯ



ಒಂದು ಸಂಸ್ಥೆಯ ಇತಿಹಾಸವನ್ನು ಎಲ್ಲಿ ಹುಡುಕಬೇಕು? ಕಟ್ಟಡದ ಶಿಲಾಫಲಕದಲ್ಲಿ ಉದ್ಘಾಟಕರ ಹೆಸರು ಸಿಗುತ್ತದೆ. ಸ್ಮರಣ ಸಂಚಿಕೆಯಲ್ಲಿ ಗಣ್ಯರ ಭಾವಚಿತ್ರಗಳು ಸಿಗುತ್ತವೆ. ಆದರೆ ಆ ಸಂಸ್ಥೆ ಯಾವ ವಿಷಯಕ್ಕೆ ಚರ್ಚೆ ಮಾಡಿತು, ಯಾರು ಒಪ್ಪಿದರು, ಯಾರು ಒಪ್ಪದೆ ಎದ್ದು ಹೋದರು, ಯಾವ ನಿರ್ಣಯದಿಂದ ಯಾರಿಗೆ ಲಾಭವಾಯಿತು, ಯಾರು ಹೊರಗುಳಿದರು ಎಂಬುದೆಲ್ಲ ಕಾರ್ಯದರ್ಶಿಯ ಬೀರುವಿನಲ್ಲಿರುವ ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ, ಪತ್ರಗಳ ಕಡತ, ಪ್ರವೇಶ ರಿಜಿಸ್ಟರುಗಳಲ್ಲಿ ಮಾತ್ರ ಇರುತ್ತದೆ. ನಮ್ಮ ಅಂಜುಮನ್‌ಗಳ ಹಳೆಯ ಭಾಷೆಯಲ್ಲಿ ಇದಕ್ಕೆ 'ರೂದಾದ್' ಎನ್ನುತ್ತಿದ್ದರು.

ಈ ಲೇಖನದಲ್ಲಿ ಒಂದು ದೂರದ ಸಂಘದ ದಾಖಲೆಗಳ ಕಥೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅದು 1876ರಲ್ಲಿ ಸ್ಥಾಪನೆಯಾದ ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ. ಅಮೆರಿಕದ ಕಾಲೇಜುಗಳ ಕಥೆ ನಮಗೇಕೆ ಎಂದು ನೀವು ಕೇಳಬಹುದು. ಆ ಸಂಘವನ್ನು ಕಾಡಿದ ಪ್ರಶ್ನೆಯೇ ಇಂದು ನಮ್ಮ ಪ್ರತಿಯೊಂದು ಶಿಕ್ಷಣ ಸಂಸ್ಥೆಯನ್ನೂ ಕಾಡುತ್ತಿದೆ. ಶಿಕ್ಷಣದ ಮಟ್ಟ ಏರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಟ್ಟ ಏರಿಸುವಾಗ ಬಾಗಿಲು ಯಾರ ಮುಖಕ್ಕೆ ಮುಚ್ಚಿಕೊಳ್ಳುತ್ತದೆ? ಇದೇ ಆ ಪ್ರಶ್ನೆ.

ಬಗ್ದಾದಿನ ಪರೀಕ್ಷೆ

ಅಮೆರಿಕಕ್ಕೆ ಹೋಗುವ ಮುನ್ನ ನಮಗೆ ಹತ್ತಿರದ ಒಂದು ದಾಖಲೆಯನ್ನು ನೋಡೋಣ. ಹಿಜರಿ 319, ಅಂದರೆ ಕ್ರಿ.ಶ. 931. ಬಗ್ದಾದಿನಲ್ಲಿ ಒಬ್ಬ ವೈದ್ಯನ ತಪ್ಪಿನಿಂದ ರೋಗಿಯೊಬ್ಬ ಮೃತಪಟ್ಟ ಸುದ್ದಿ ಖಲೀಫ ಅಲ್ ಮುಖ್ತದಿರ್ ಅವರಿಗೆ ತಲುಪಿತು. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಯಾರೂ ಚಿಕಿತ್ಸೆ ನೀಡಕೂಡದೆಂದು ಅವರು ಆಜ್ಞೆ ಹೊರಡಿಸಿದರು. ಪರೀಕ್ಷೆಯ ಹೊಣೆ ಹಿರಿಯ ವೈದ್ಯ ಸಿನಾನ್ ಇಬ್ನ್ ಸಾಬಿತ್ ಅವರ ಮೇಲೆ ಬಿತ್ತು. ಬಗ್ದಾದ್ ನಗರವೊಂದರಲ್ಲೇ 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಬಂದರು.

ಹೀಗೆ ಬಂದವರಲ್ಲಿ ಶುಭ್ರ ಉಡುಪಿನ, ಗಂಭೀರ ಮುಖದ ಒಬ್ಬ ವೃದ್ಧರಿದ್ದರು. ಸಿನಾನ್ ಅವರನ್ನು ಗೌರವದಿಂದ ಕೂರಿಸಿ, ನಿಮ್ಮ ಉಸ್ತಾದರು ಯಾರು ಎಂದು ವಿಚಾರಿಸಿದರು. ವೃದ್ಧರು ಚಿನ್ನದ ನಾಣ್ಯಗಳನ್ನು ಮುಂದಿಟ್ಟು, ತಮಗೆ ಓದು ಬರಹ ಬಾರದೆಂದೂ, ದೊಡ್ಡ ಸಂಸಾರ ಇದೇ ವೃತ್ತಿಯಿಂದ ಬದುಕುತ್ತಿದೆಯೆಂದೂ, ತಮ್ಮ ಹೊಟ್ಟೆಪಾಡನ್ನು ಕಿತ್ತುಕೊಳ್ಳಬಾರದೆಂದೂ ಬೇಡಿಕೊಂಡರು. ಸಿನಾನ್ ನಕ್ಕು ಅವರಿಗೆ ಷರತ್ತಿನ ಅನುಮತಿ ಕೊಟ್ಟರು. ತಿಳಿಯದ ರೋಗಕ್ಕೆ ಕೈಹಾಕಬಾರದು, ರಕ್ತ ತೆಗೆಯುವುದು, ಕಠಿಣ ಭೇದಿ ಔಷಧ ಕೊಡುವುದು ಮುಂತಾದ ಅಪಾಯದ ಕೆಲಸ ಮಾಡಬಾರದು ಎಂಬುದೇ ಆ ಷರತ್ತು.

ಈ ಪ್ರಸಂಗವನ್ನು ಇಬ್ನುಲ್ ಕಿಫ್ತಿ ತಮ್ಮ ವಿದ್ವಾಂಸರ ಚರಿತ್ರೆಯಲ್ಲಿ ಬರೆದಿಟ್ಟಿದ್ದಾರೆ. ಬರೀ ರಾಜಾಜ್ಞೆ ಉಳಿದಿದ್ದರೆ ನಮಗೆ ಕಾನೂನು ಮಾತ್ರ ತಿಳಿಯುತ್ತಿತ್ತು. ಆ ವೃದ್ಧರ ಮಾತೂ ದಾಖಲಾದ್ದರಿಂದ ಕಾನೂನಿನ ಮುಂದೆ ನಿಂತ ಮನುಷ್ಯನೂ ನಮಗೆ ಕಾಣುತ್ತಾನೆ. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಡಿ.

ಟಿಕೆಟ್ ಕೊಂಡು ವೈದ್ಯರಾಗುತ್ತಿದ್ದ ಕಾಲ

ಈಗ ಹತ್ತೊಂಬತ್ತನೆಯ ಶತಮಾನದ ಅಮೆರಿಕಕ್ಕೆ ಬನ್ನಿ. ಅಲ್ಲಿ ಬಹುತೇಕ ವೈದ್ಯಕೀಯ ಕಾಲೇಜುಗಳನ್ನು ಕೆಲವು ವೈದ್ಯರು ಸೇರಿ ಲಾಭಕ್ಕಾಗಿ ನಡೆಸುತ್ತಿದ್ದರು. ಪ್ರತಿ ಪ್ರಾಧ್ಯಾಪಕರ ಉಪನ್ಯಾಸಕ್ಕೂ ವಿದ್ಯಾರ್ಥಿ ಬೇರೆ ಬೇರೆ ಟಿಕೆಟ್ ಕೊಳ್ಳಬೇಕಿತ್ತು. ಕೆಲವೇ ತಿಂಗಳ ಒಂದು ಅವಧಿ, ಮರುವರ್ಷ ಅವೇ ಉಪನ್ಯಾಸಗಳನ್ನು ಮತ್ತೊಮ್ಮೆ ಕೇಳುವುದು, ಆಮೇಲೆ ಪದವಿ. ಹಾಸಿಗೆಯ ಬಳಿ ನಿಂತು ರೋಗಿಯನ್ನು ಪರೀಕ್ಷಿಸದೆಯೇ ವೈದ್ಯರಾದವರು ಅನೇಕರು. 1870ರ ಸುಮಾರಿಗೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಲಿಖಿತ ಪರೀಕ್ಷೆ ತರಲು ಹೊರಟಾಗ, ಅಲ್ಲಿನ ಹಿರಿಯ ಶಸ್ತ್ರವೈದ್ಯರೇ ಅಡ್ಡ ಬಂದರು. ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಸರಿಯಾಗಿ ಬರೆಯಲು ಬಾರದು ಎಂಬುದು ಅವರು ಕೊಟ್ಟ ಕಾರಣ!

ಈ ಪರಿಸ್ಥಿತಿಯಲ್ಲಿ 1876ರ ಜೂನ್ ತಿಂಗಳಲ್ಲಿ 22 ಕಾಲೇಜುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದರು. ಆಹ್ವಾನ ಕೊಟ್ಟವರು ಜೆಫರ್ಸನ್ ವೈದ್ಯಕೀಯ ಕಾಲೇಜಿನ ಜಾನ್ ಬಿಡಲ್. ಎಲ್ಲ ಕಾಲೇಜುಗಳೂ ಒಂದೇ ನಿಯಮಕ್ಕೆ ಬದ್ಧವಾದರೆ ಮಾತ್ರ ಸುಧಾರಣೆ ಸಾಧ್ಯ ಎಂಬುದು ಅವರ ವಿಚಾರವಾಗಿತ್ತು. ಯಾವುದಾದರೂ ಒಂದು ಕಾಲೇಜು ಒಂಟಿಯಾಗಿ ಅವಧಿ ಹೆಚ್ಚಿಸಿದರೆ ವಿದ್ಯಾರ್ಥಿಗಳು ಪಕ್ಕದ ಸುಲಭದ ಕಾಲೇಜಿಗೆ ಓಡುತ್ತಿದ್ದರು.

1880ರಲ್ಲಿ ಸಂಘವು ಮೂರು ವರ್ಷಗಳ ಕಡ್ಡಾಯ ವ್ಯಾಸಂಗದ ನಿರ್ಣಯ ಅಂಗೀಕರಿಸಿತು. ನಿರ್ಣಯಕ್ಕೆ ಕೈ ಎತ್ತುವುದು ಸುಲಭ, ಪಾಲಿಸುವುದು ಕಷ್ಟ. ಮೂರನೆಯ ವರ್ಷ ಎಂದರೆ ಶುಲ್ಕದ ಆದಾಯಕ್ಕೆ ಪೆಟ್ಟು. ಕಾಲೇಜುಗಳು ಒಂದೊಂದಾಗಿ ಸಂಘದಿಂದ ಕಳಚಿಕೊಂಡವು. 1882ರ ಹೊತ್ತಿಗೆ ಸಂಘವೇ ನಿಂತುಹೋಯಿತು. ಎಂಟು ವರ್ಷಗಳ ನಂತರ, 1890ರಲ್ಲಿ, ನ್ಯಾಶ್‌ವಿಲ್ ನಗರದಲ್ಲಿ ಅದು ಮರುಜೀವ ಪಡೆಯಿತು. ಈ ಬಾರಿ ಮೂರು ವರ್ಷಗಳ ನಿಯಮ ಒಪ್ಪಿದವರೇ ಸದಸ್ಯರಾದರು.

ಈ ಸೋಲು ನಮಗೆ ಗೊತ್ತಾಗುವುದು ಹೇಗೆ? ಸದಸ್ಯರ ಪಟ್ಟಿಗಳಿಂದ. ಒಂದು ವರ್ಷ ಇದ್ದ ಹೆಸರು ಮರುವರ್ಷ ಇಲ್ಲ. ಭಾಷಣಗಳನ್ನು ಮಾತ್ರ ಉಳಿಸಿ, ಹಾಜರಿಯನ್ನು ಎಸೆದಿದ್ದರೆ ಆ ಸಂಘ ಮೊದಲ ದಿನದಿಂದಲೂ ವಿಜಯಯಾತ್ರೆ ಮಾಡಿತೆಂದೇ ನಾವು ನಂಬುತ್ತಿದ್ದೆವು.

ಒಬ್ಬ ಶಾಲಾ ಶಿಕ್ಷಕನ ತನಿಖೆ

ಮುಂದಿನ ಅಧ್ಯಾಯ ನನ್ನಂಥ ಶಿಕ್ಷಕರಿಗೆ ವಿಶೇಷ ಆಸಕ್ತಿಯದು. ಏಕೆಂದರೆ ಅದರ ನಾಯಕ ವೈದ್ಯನಲ್ಲ, ಶಾಲಾ ಮೇಷ್ಟ್ರು. ಹೆಸರು ಅಬ್ರಹಾಂ ಫ್ಲೆಕ್ಸ್‌ನರ್. 1866ರಲ್ಲಿ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ, ವಲಸೆ ಬಂದ ಯಹೂದಿ ಕುಟುಂಬದಲ್ಲಿ ಜನನ. ಅದೇ ಊರಿನ ಪ್ರೌಢಶಾಲೆಯಲ್ಲಿ ಪಾಠ ಹೇಳಿ, ಬಳಿಕ ಸ್ವಂತ ಶಾಲೆ ನಡೆಸಿದವರು. ಕಾರ್ನೆಗಿ ಪ್ರತಿಷ್ಠಾನವು ವೈದ್ಯಕೀಯ ಕಾಲೇಜುಗಳ ಸಮೀಕ್ಷೆಗೆ ಇವರನ್ನು ಆರಿಸಿದಾಗ, ತಮ್ಮನ್ನು ವೈದ್ಯರಾದ ಅಣ್ಣ ಸೈಮನ್ ಎಂದು ತಪ್ಪಾಗಿ ತಿಳಿದಿದ್ದಾರೇನೋ ಎಂದು ಇವರೇ ಸಂಶಯಪಟ್ಟರಂತೆ.

ಅಮೆರಿಕ ಮತ್ತು ಕೆನಡಾದ 155 ಕಾಲೇಜುಗಳನ್ನು ಫ್ಲೆಕ್ಸ್‌ನರ್ ಸ್ವತಃ ಹೋಗಿ ನೋಡಿದರು. ವೈದ್ಯಕೀಯ ಕಾಲೇಜುಗಳ ಸಂಘವೂ ಅಮೆರಿಕದ ವೈದ್ಯರ ಸಂಘವೂ ಅವರಿಗೆ ನೆರವಾದವು. ಅವರು ಪ್ರತಿ ಕಾಲೇಜಿನಲ್ಲೂ ವಿಚಾರಿಸಿದ್ದು ಐದು ಸಂಗತಿಗಳನ್ನು: ಪ್ರವೇಶಕ್ಕೆ ಅರ್ಹತೆ ಏನು, ಅದನ್ನು ನಿಜವಾಗಿ ಪಾಲಿಸುತ್ತಾರೆಯೇ, ಅಧ್ಯಾಪಕರೆಷ್ಟು, ಅವರ ತರಬೇತಿ ಎಂಥದು, ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಪ್ರಯೋಗಾಲಯ ಹೇಗಿದೆ, ಆಸ್ಪತ್ರೆಯೊಂದಿಗೆ ಸಂಬಂಧವಿದೆಯೇ.

ಇಲ್ಲಿ ದಾಖಲೆಗಳ ಮಹತ್ವ ಎದ್ದು ಕಾಣುತ್ತದೆ. ಕಾಲೇಜಿನ ಮುದ್ರಿತ ಪರಿಚಯ ಪುಸ್ತಿಕೆ ಒಂದು ಮಾತು ಹೇಳುತ್ತಿತ್ತು, ಕಚೇರಿಯ ಕಡತ ಮತ್ತೊಂದು ಹೇಳುತ್ತಿತ್ತು. ಪುಸ್ತಿಕೆಯಲ್ಲಿ ಪ್ರೌಢಶಾಲಾ ಶಿಕ್ಷಣ ಕಡ್ಡಾಯವೆಂದಿದ್ದರೆ, ಫ್ಲೆಕ್ಸ್‌ನರ್ ವಿದ್ಯಾರ್ಥಿಗಳ ಪ್ರವೇಶ ಕಾಗದಗಳನ್ನೇ ತೆಗೆಸಿ ನೋಡುತ್ತಿದ್ದರು. ಶುಲ್ಕ ತಂದವನಿಗೆ ಪ್ರವೇಶ ಎಂಬ ಗುಟ್ಟು ಅಲ್ಲಿ ಬಯಲಾಗುತ್ತಿತ್ತು. ಡಿ ಮೊಯಿನ್ ನಗರದ ಒಂದು ಕಾಲೇಜಿನಲ್ಲಿ ಬಾಗಿಲುಗಳ ಮೇಲೆ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಎಂಬ ಫಲಕಗಳಿದ್ದವು, ಆದರೆ ಬಾಗಿಲಿಗೆ ಬೀಗ. ಬೀಗದ ಕೈ ಇರುವ ಜವಾನ ಇಲ್ಲವೆಂದರು. ಫ್ಲೆಕ್ಸ್‌ನರ್ ಊರು ಬಿಟ್ಟಂತೆ ಮಾಡಿ ಹಿಂತಿರುಗಿ ಬಂದು, ಜವಾನನ ಕೈಗೆ ಐದು ಡಾಲರ್ ಇಟ್ಟು ಕೋಣೆಗಳನ್ನು ತೆರೆಸಿದರು. ಒಳಗೆ ಮೇಜು, ಕಪ್ಪು ಹಲಗೆ, ಕುರ್ಚಿಗಳ ಹೊರತು ಏನೂ ಇರಲಿಲ್ಲ. ಈ ಸಂಗತಿಯನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

1910ರಲ್ಲಿ ವರದಿ ಪ್ರಕಟವಾಯಿತು. ಅಮೆರಿಕಕ್ಕೆ 31 ಒಳ್ಳೆಯ ಕಾಲೇಜುಗಳು ಸಾಕೆಂದು ಅವರು ಶಿಫಾರಸು ಮಾಡಿದರು. ಕಾಲೇಜುಗಳು ಮುಚ್ಚುವುದು ಅದಕ್ಕೂ ಮೊದಲೇ ಶುರುವಾಗಿತ್ತು; ವರದಿಯ ನಂತರ ವೇಗ ಪಡೆಯಿತು. 1904ರಲ್ಲಿ ಆ ದೇಶದಲ್ಲಿದ್ದ ವೈದ್ಯಕೀಯ ಕಾಲೇಜುಗಳು 160. 1922ರಲ್ಲಿ ಉಳಿದವು 81. ಉಳಿದ ಕಾಲೇಜುಗಳು ವಿಶ್ವವಿದ್ಯಾನಿಲಯದ ಭಾಗವಾದವು, ಪ್ರಯೋಗಾಲಯ ಮತ್ತು ಆಸ್ಪತ್ರೆ ಪಡೆದವು. ಇಂದು ಜಗತ್ತಿನ ಎಲ್ಲೆಡೆ ವೈದ್ಯಶಿಕ್ಷಣಕ್ಕೆ ಮೊದಲು ಮೂಲ ವಿಜ್ಞಾನ, ಆನಂತರ ಆಸ್ಪತ್ರೆಯ ತರಬೇತಿ ಎಂಬ ಕ್ರಮ ಇದೆಯಲ್ಲ, ಅದು ಬೇರೂರಲು ಈ ವರದಿ ದೊಡ್ಡ ಕಾರಣ. ನಕಲಿ ವೈದ್ಯರ ಕೈಗೆ ಸಿಕ್ಕು ನರಳುತ್ತಿದ್ದ ಬಡರೋಗಿಗೆ ಇದರಿಂದ ಉಪಕಾರವಾಯಿತು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಮುಚ್ಚಿದ ಬಾಗಿಲುಗಳು

ಆದರೆ ಓದುಗರೇ, ಅದೇ ದಾಖಲೆಯ ಮತ್ತೊಂದು ಪುಟ ತಿರುಗಿಸೋಣ. ಆಗ ಅಮೆರಿಕದಲ್ಲಿ ಕಪ್ಪು ಜನಾಂಗದವರಿಗಾಗಿ ಏಳು ವೈದ್ಯಕೀಯ ಕಾಲೇಜುಗಳಿದ್ದವು. ಬಿಳಿಯರ ಕಾಲೇಜುಗಳಲ್ಲಿ ಅವರಿಗೆ ಪ್ರವೇಶ ಬಹುಮಟ್ಟಿಗೆ ಇರಲೇ ಇಲ್ಲ. ವಾಷಿಂಗ್ಟನ್‌ನ ಹೋವರ್ಡ್, ನ್ಯಾಶ್‌ವಿಲ್‌ನ ಮೆಹಾರಿ ಇವೆರಡನ್ನು ಮಾತ್ರ ಉಳಿಸಿದರೆ ಸಾಕೆಂದು ಫ್ಲೆಕ್ಸ್‌ನರ್ ಬರೆದರು. ಉಳಿದ ಐದೂ 1923ರೊಳಗೆ ಮುಚ್ಚಿದವು. ಅವುಗಳಲ್ಲಿ 1882ರಲ್ಲಿ ರಾಲಿ ನಗರದಲ್ಲಿ ಆರಂಭವಾದ ಲಿಯೊನಾರ್ಡ್ ವೈದ್ಯಕೀಯ ಶಾಲೆಯೂ ಒಂದು. ಈ ಕಾಲೇಜುಗಳಿಗೆ ದತ್ತಿನಿಧಿ ಇರಲಿಲ್ಲ. ಪ್ರಯೋಗಾಲಯ ಕಟ್ಟಲು ಹಣವಿರಲಿಲ್ಲ. ಬಡತನವನ್ನೇ ಅನರ್ಹತೆ ಎಂದು ಎಣಿಸಲಾಯಿತು.

ಇದಕ್ಕಿಂತಲೂ ನೋವಿನ ಸಂಗತಿ ವರದಿಯ ಭಾಷೆ. ಕಪ್ಪು ವೈದ್ಯರು ತಮ್ಮ ಜನಾಂಗಕ್ಕೆ ಮಾತ್ರ ಸೇವೆ ಸಲ್ಲಿಸಬೇಕು, ಶಸ್ತ್ರಚಿಕಿತ್ಸೆಗಿಂತ ನೈರ್ಮಲ್ಯದ ತರಬೇತಿಯೇ ಅವರಿಗೆ ತಕ್ಕದ್ದು, ಅವರ ರೋಗ ನೆರೆಯ ಬಿಳಿಯರಿಗೂ ಹರಡಬಹುದಾದ್ದರಿಂದ ಅವರ ಆರೋಗ್ಯ ಮುಖ್ಯ ಎಂಬ ಅಭಿಪ್ರಾಯ ಅಲ್ಲಿದೆ. ಸ್ವತಃ ಅಲ್ಪಸಂಖ್ಯಾತ ಸಮುದಾಯದಿಂದ ಬಂದ, ಬಡತನ ಕಂಡ, ಒಳ್ಳೆಯ ಶಿಕ್ಷಕನೊಬ್ಬನ ಲೇಖನಿಯಿಂದ ಬಂದ ಮಾತು ಇದು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, ಆ ಐದು ಕಾಲೇಜುಗಳು ಮುಚ್ಚದೆ ಇದ್ದಿದ್ದರೆ 2019ರ ಹೊತ್ತಿಗೆ ಸುಮಾರು 35 ಸಾವಿರ ವೈದ್ಯರನ್ನು ಕೊಡಬಹುದಿತ್ತು.

ಹೆಣ್ಣುಮಕ್ಕಳ ಕಾಲೇಜುಗಳ ಗತಿಯೂ ಹೆಚ್ಚು ಬೇರೆಯಲ್ಲ. ಫ್ಲೆಕ್ಸ್‌ನರ್ ನೋಡುವಾಗ ಉಳಿದಿದ್ದವು ಮೂರೇ. ಕೊನೆಗೆ 1850ರಲ್ಲಿ ಸ್ಥಾಪಿತವಾದ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜು ಒಂದು ಮಾತ್ರ ದೀರ್ಘಕಾಲ ಬಾಳಿತು. ಫಿಲಡೆಲ್ಫಿಯಾದ ಆ ಕಾಲೇಜಿನ ಕಾಗದಪತ್ರಗಳನ್ನು ಇಂದು ಡ್ರೆಕ್ಸೆಲ್ ವಿಶ್ವವಿದ್ಯಾನಿಲಯ ಕಾಪಾಡಿದೆ. ಅವುಗಳಲ್ಲಿ 1885ರ ಒಂದು ಛಾಯಾಚಿತ್ರವಿದೆ. ಮೂವರು ಯುವತಿಯರು ತಮ್ಮ ತಮ್ಮ ನಾಡಿನ ಉಡುಗೆಯಲ್ಲಿ ಕುಳಿತಿದ್ದಾರೆ: ಭಾರತದ ಆನಂದಿಬಾಯಿ ಜೋಶಿ, ಜಪಾನಿನ ಕೇ ಒಕಾಮಿ, ಸಿರಿಯಾದ ದಮಾಸ್ಕಸ್‌ನಿಂದ ಬಂದ ಸಬಾತ್ ಇಸ್ಲಾಂಬೂಲಿ. ಆನಂದಿಬಾಯಿ 1886ರಲ್ಲಿ ಪದವಿ ಪಡೆದು ತಾಯ್ನಾಡಿಗೆ ಮರಳಿ, ಮರುವರ್ಷವೇ ಕ್ಷಯರೋಗದಿಂದ ತೀರಿಕೊಂಡರು. ಆಗ ಅವರಿಗೆ 21 ವರ್ಷ. ಚಿತ್ರದ ಕೆಳಗೆ ಹೆಸರು, ಊರು ಬರೆಯದೆ ಇದ್ದಿದ್ದರೆ ಅದು ಯಾರೋ ಮೂವರು ಹೆಂಗಸರ ಚಿತ್ರವಾಗಿ ಉಳಿಯುತ್ತಿತ್ತು.

ದಾಖಲೆ ಓದಿ ತಿದ್ದಿಕೊಂಡದ್ದು

ಸಂಘವು ತನ್ನ ಕಾಗದಗಳನ್ನು ಸುಡಲಿಲ್ಲ, ಬಚ್ಚಿಡಲಿಲ್ಲ. 1920ರ ದಶಕದಿಂದ ಅದರ ಪತ್ರಿಕೆ ಹಲವು ಹೆಸರುಗಳಲ್ಲಿ ನಿರಂತರವಾಗಿ ಹೊರಬರುತ್ತಿದೆ. 1989ರಿಂದ ಅದರ ಹೆಸರು 'ಅಕಾಡೆಮಿಕ್ ಮೆಡಿಸಿನ್'. ಯಾರನ್ನು ಹೊರಗಿಟ್ಟೆವು ಎಂಬ ಲೆಕ್ಕ ಕಣ್ಣ ಮುಂದಿದ್ದುದರಿಂದ, ಮುಂದಿನ ತಲೆಮಾರಿನವರು ಅದಕ್ಕೆ ಉತ್ತರ ಕೊಡಬೇಕಾಯಿತು. 1970ರಲ್ಲಿ ಸಂಘವು ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಅಲ್ಪಸಂಖ್ಯಾತರ ಪ್ರಮಾಣ ಶೇ. 12ಕ್ಕೆ ಏರಬೇಕೆಂಬ ಗುರಿ ಇಟ್ಟುಕೊಂಡಿತು. 1991ರಲ್ಲಿ, 2000ನೇ ಇಸವಿಯೊಳಗೆ ಪ್ರತಿವರ್ಷ ಇಂಥ 3000 ವಿದ್ಯಾರ್ಥಿಗಳು ಸೇರಬೇಕೆಂಬ ಯೋಜನೆ ಹಾಕಿತು. ಈ ಎರಡು ಗುರಿಗಳೂ ನಿಗದಿತ ಕಾಲದಲ್ಲಿ ಮುಟ್ಟಲಿಲ್ಲ. ಅದೂ ದಾಖಲೆಯಲ್ಲಿದೆ. 2020ರಲ್ಲಿ ಸಂಘವು ತಾನು ಕೊಡುತ್ತಿದ್ದ ಅತ್ಯುನ್ನತ ಶಿಕ್ಷಣ ಪ್ರಶಸ್ತಿಯಿಂದ ಫ್ಲೆಕ್ಸ್‌ನರ್ ಹೆಸರನ್ನು ತೆಗೆದುಹಾಕಿತು. ಅವರ ವರದಿಯನ್ನು ಮಾತ್ರ ತೆಗೆದುಹಾಕಲಿಲ್ಲ. ಅದನ್ನು ಇಂದೂ ಯಾರು ಬೇಕಾದರೂ ಓದಬಹುದು.

ನಮ್ಮ ದೇಶದ ಪುಟ

ನಮ್ಮ ದೇಶದಲ್ಲೂ ಇಂಥದೇ ಒಂದು ಪುಟವಿದೆ. ಸ್ವಾತಂತ್ರ್ಯಪೂರ್ವದಲ್ಲಿ ಇಲ್ಲಿ ಎರಡು ಬಗೆಯ ವೈದ್ಯರಿದ್ದರು: ಕಾಲೇಜಿನ ಪದವೀಧರರು ಮತ್ತು ವೈದ್ಯಕೀಯ ಶಾಲೆಗಳಲ್ಲಿ ಕಡಿಮೆ ಅವಧಿಯ ತರಬೇತಿ ಪಡೆದ ಲೈಸೆನ್ಷಿಯೇಟರು. 1946ರ ಭೋರ್ ಸಮಿತಿಯ ವರದಿಯಂತೆ ದೇಶದ 47,524 ವೈದ್ಯರಲ್ಲಿ 29,870 ಮಂದಿ ಲೈಸೆನ್ಷಿಯೇಟರು. ಇನ್ನು ಮುಂದೆ ಒಂದೇ ಬಗೆಯ, ಪೂರ್ಣ ತರಬೇತಿಯ ವೈದ್ಯರಿರಲಿ ಎಂದು ಸಮಿತಿಯ ಬಹುಮತ ತೀರ್ಮಾನಿಸಿತು. ಕೆಲವು ಸದಸ್ಯರು ಒಪ್ಪಲಿಲ್ಲ. ಹಳ್ಳಿಗಳಿಗೆ ವೈದ್ಯರೇ ಸಿಗದಿರುವಾಗ ಇಂಥವರ ತರಬೇತಿ ನಿಲ್ಲಿಸಬಾರದೆಂದು ಭಿನ್ನಮತ ಬರೆದರು. ಆ ಭಿನ್ನಮತವೂ ವರದಿಯೊಳಗೇ ಅಚ್ಚಾಗಿದೆ. ಹಳ್ಳಿಗೆ ವೈದ್ಯರಿಲ್ಲ ಎಂಬ ದೂರು ಈಗಲೂ ಕೇಳಿಬರುವಾಗ, ಸೋತವರ ಆ ಮಾತನ್ನು ವಿದ್ವಾಂಸರು ಮತ್ತೆ ತೆಗೆದು ಓದುತ್ತಾರೆ.

ನಮ್ಮ ರಾಜ್ಯದಲ್ಲಿ 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1984ರಲ್ಲಿ ಬಿಜಾಪುರದಲ್ಲಿ ಅಲ್ ಅಮೀನ್ ವೈದ್ಯಕೀಯ ಕಾಲೇಜು ಆರಂಭವಾಯಿತು. 2000ದಲ್ಲಿ ಗುಲ್ಬರ್ಗದಲ್ಲಿ ಖಾಜಾ ಬಂದಾನವಾಜ್ ಹೆಸರಿನ ವೈದ್ಯಕೀಯ ಸಂಸ್ಥೆ ಬಂತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠವು ಎರಡು ಮಾತು ಸ್ಪಷ್ಟಪಡಿಸಿತು. ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಅಲ್ಪಸಂಖ್ಯಾತರಿಗೆ ಸಂವಿಧಾನ ಕೊಟ್ಟಿದೆ. ಶಿಕ್ಷಣದ ಮಟ್ಟ ಕಾಯುವ ನಿಯಮಗಳು ಅವರಿಗೂ ಅನ್ವಯಿಸಬಹುದು. ಹಕ್ಕಿನ ಹೆಸರಿನಲ್ಲಿ ಕಳಪೆ ಶಿಕ್ಷಣ ಸಲ್ಲದು ಎಂಬುದು ಇದರ ಸಾರ. ಇದನ್ನು ನಾವು ಮನಃಪೂರ್ವಕ ಒಪ್ಪಬೇಕು.

ಆದರೆ ಎಲ್ಲರಿಗೂ ಒಂದೇ ಎತ್ತರದ ಗೋಡೆ ಕಟ್ಟಿದ ಮೇಲೆ ಗಿಡ್ಡ ಮಗುವಿಗೆ ಏಣಿ ಕೊಡುವ ಕೆಲಸ ಯಾರದು? ವೈದ್ಯಕೀಯ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆ 2016ರಿಂದ ಕಡ್ಡಾಯವಾಯಿತು. ಅದರ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ 2018ರಿಂದ ಉರ್ದುವಿನಲ್ಲೂ ದೊರೆಯತೊಡಗಿತು. ಪ್ರಶ್ನೆಪತ್ರಿಕೆ ಮಾತೃಭಾಷೆಯಲ್ಲಿ ಸಿಕ್ಕರೆ ಸಾಲದು. ಆ ಭಾಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಹೇಳಿಕೊಡುವ ಶಿಕ್ಷಕರು, ಪ್ರಯೋಗಾಲಯ, ಪುಸ್ತಕ ಬೇಕು. ಈ ಏಣಿಯೇ ನಮ್ಮಂಥ ಶಿಕ್ಷಣ ಸಂಘಗಳ ಹೊಣೆ. ಏಣಿ ಎಲ್ಲಿ ಮುರಿದಿದೆ ಎಂದು ತಿಳಿಯಲು ಮತ್ತೆ ದಾಖಲೆಯೇ ಬೇಕು. ಎಂಟನೆಯ ತರಗತಿಗೆ ಸೇರಿದ ಎಷ್ಟು ಹೆಣ್ಣುಮಕ್ಕಳು ಹತ್ತನೆಯ ತರಗತಿ ಮುಟ್ಟಿದರು, ಎಷ್ಟು ಮಂದಿ ವಿಜ್ಞಾನ ತೆಗೆದುಕೊಂಡರು, ವಿದ್ಯಾರ್ಥಿವೇತನ ಪಡೆದವರು ಮುಂದೆ ಏನಾದರು? ರಿಜಿಸ್ಟರ್ ಇಲ್ಲದಿದ್ದರೆ ಇವಕ್ಕೆ ಉತ್ತರವಿಲ್ಲ, ಭಾಷಣ ಮಾತ್ರ ಉಳಿಯುತ್ತದೆ.

ನಮ್ಮ ಬೀರುಗಳನ್ನು ತೆರೆಯೋಣ

ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದು ಎಂದು ಮಕ್ಕಳನ್ನು ಕೇಳಿದರೆ ಅಲ್ ಬಕರ ಅಧ್ಯಾಯದ 282ನೆಯದು ಎನ್ನುತ್ತಾರೆ. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದೆಂದೂ, ನ್ಯಾಯವಾಗಿ ಬರೆಯಬೇಕೆಂದೂ, ಸಾಕ್ಷಿಗಳಿರಬೇಕೆಂದೂ ಅದು ಬೋಧಿಸುತ್ತದೆ. ಕೌಮಿನ ಚಂದಾ ಹಣದಿಂದ ನಡೆಯುವ ಸಂಸ್ಥೆಗೆ ಇದಕ್ಕಿಂತ ಬೇರೆ ಮಾರ್ಗದರ್ಶನ ಬೇಕೆ?

ಆದ್ದರಿಂದ ನಮ್ಮ ಸಂಸ್ಥೆಗಳ ಪದಾಧಿಕಾರಿಗಳಲ್ಲಿ ಕೆಲವು ವಿನಂತಿಗಳು. ನಡಾವಳಿ ಪುಸ್ತಕದಲ್ಲಿ 'ಸರ್ವಾನುಮತದಿಂದ' ಎಂದು ಬರೆಯುವ ಮುನ್ನ ನಿಜವಾಗಿ ಸರ್ವಾನುಮತವಿತ್ತೇ ನೋಡಿ. ಒಪ್ಪದವರ ಹೆಸರನ್ನೂ ಕಾರಣವನ್ನೂ ಬರೆಯಿರಿ. ಅವರ ಮಾತು ಇಂದು ಸೋತರೂ ನಾಳೆ ಬೇಕಾಗಬಹುದು. ಪ್ರವೇಶ ಸಿಗದೆ ಹಿಂತಿರುಗಿದ ಮಕ್ಕಳ ಅರ್ಜಿಗಳನ್ನೂ ಒಂದು ಕಡತದಲ್ಲಿಡಿ. ನಮ್ಮ ಬಾಗಿಲು ಯಾರಿಗೆ ಮುಚ್ಚಿತು ಎಂಬುದಕ್ಕೆ ಅದೇ ಸಾಕ್ಷಿ. ಹಳೆಯ ಫೋಟೋಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರು, ವರ್ಷ ಬರೆಯಿರಿ. ಗುರುತು ಹಿಡಿಯಬಲ್ಲ ಹಿರಿಯರು ಇರುವಾಗಲೇ ಬರೆಯಿರಿ.

ಇನ್ನೊಂದು ತುರ್ತಿನ ಕೆಲಸವಿದೆ. ನಮ್ಮ ಅನೇಕ ಅಂಜುಮನ್‌ಗಳ ಹಳೆಯ ರೂದಾದ್‌ಗಳು ಕೈಬರಹದ ಉರ್ದುವಿನಲ್ಲಿವೆ. ಅವುಗಳನ್ನು ಸರಾಗವಾಗಿ ಓದಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹೊಸ ಕಮಿಟಿಯ ಯುವಕರಿಗೆ ಆ ಪುಸ್ತಕ ಬರೀ ಗೀರುಗಳ ಕಟ್ಟು. ಹೀಗಿರುವಾಗ ಅದು ರದ್ದಿಗೆ ಹೋದರೆ ಆಶ್ಚರ್ಯವಿಲ್ಲ. ಎರಡೂ ಭಾಷೆ ಬಲ್ಲ ಶಿಕ್ಷಕರು ರಜಾದಿನಗಳಲ್ಲಿ ಕುಳಿತು ಪ್ರತಿ ಸಭೆಯ ದಿನಾಂಕ, ಹಾಜರಿ, ನಿರ್ಣಯಗಳನ್ನು ಕನ್ನಡದಲ್ಲಿ ಸಾರಾಂಶ ಮಾಡಿದರೆ ಆ ಪುಸ್ತಕಕ್ಕೆ ಮತ್ತೆ ಜೀವ ಬರುತ್ತದೆ. ಪುಟಗಳನ್ನು ಕಂಪ್ಯೂಟರಿಗೆ ಇಳಿಸಿಟ್ಟರೆ ಗೆದ್ದಲಿನ ಭಯವೂ ಇರದು. ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ಕೆಲವರ ಸಮಯ ಮತ್ತು ಬೀರುವಿನ ಬೀಗದ ಕೈ ಇದ್ದರೆ ಸಾಕು.

ಅಮೆರಿಕದ ಆ ಸಂಘ ಒಳ್ಳೆಯದನ್ನೂ ಮಾಡಿತು, ಅನ್ಯಾಯಕ್ಕೂ ಜೊತೆಯಾಯಿತು. ಎರಡನ್ನೂ ನಾವು ಇಂದು ತೂಗಿ ನೋಡಬಲ್ಲೆವು, ಏಕೆಂದರೆ ಎರಡೂ ಕಾಗದದ ಮೇಲೆ ಉಳಿದಿವೆ. ನಮ್ಮ ಮೊಮ್ಮಕ್ಕಳೂ ನಮ್ಮನ್ನು ತೂಗಿ ನೋಡುವರು. ಅವರ ಕೈಗೆ ಹಾರ ತುರಾಯಿಯ ಚಿತ್ರಗಳಷ್ಟೇ ಸಿಗದೆ, ಪ್ರಾಮಾಣಿಕವಾದ ಲೆಕ್ಕವೂ ಸಿಗಲಿ. ನಾವು ಬರೆದಿಟ್ಟದ್ದು ಇಲ್ಲಿಯೂ ಪರಲೋಕದಲ್ಲಿಯೂ ನಮ್ಮ ಪರವಾಗಿ ಸಾಕ್ಷಿ ನುಡಿಯುವಂತೆ ಬಾಳುವ ತೌಫೀಖನ್ನು ಅಲ್ಲಾಹನು ನಮಗೆ ದಯಪಾಲಿಸಲಿ, ಆಮೀನ್.